ಬಾಡಿಗೆ ಮನೆಗೆ ಒಂದೇ ಬಣ್ಣ: ಆಷಾಢದಲ್ಲಿ ಮಾಡಿಸಿದ ಪೇಂಟಿಂಗ್ ಕೆಲಸ

ಬೆಂಗಳೂರಿನ ಹನುಮಂತನಗರದಲ್ಲಿ ಅಮ್ಮನ ಮನೆಯಿದೆ. ಕೆಳಗೆ ಅಮ್ಮ ಇರುತ್ತಾರೆ, ಮೇಲಿನದು ಬಾಡಿಗೆಗೆ. ಹಾಲ್, ಎರಡು ರೂಮು, ಅಡುಗೆಮನೆ, ನಡುವೆ ಕತ್ತಲೆಯ ಒಂದು ಪ್ಯಾಸೇಜು. ಹಾಲ್‌ಗೆ ಹಳೇ ರೆಡ್ ಆಕ್ಸೈಡ್ ನೆಲ, ರೂಮುಗಳಿಗೆ ಮೊಸಾಯಿಕ್. ಐದು ವರ್ಷ ಇದ್ದ ಸಂಸಾರ ಜೂನ್‌ನಲ್ಲಿ ಖಾಲಿ ಮಾಡಿತು. ಆಷಾಢದಲ್ಲಿ ಹಾಲು ಉಕ್ಕಿಸಲು ಯಾರೂ ಮುಂದೆ ಬರುವುದಿಲ್ಲ. ಶ್ರಾವಣ ಬರಲಿ ಅನ್ನುತ್ತಾರೆ. ಮನೆ ಹೇಗಿದ್ದರೂ ಖಾಲಿ ಇರುತ್ತದೆ, ಅಷ್ಟರಲ್ಲಿ ಬಣ್ಣ ಹೊಡೆಸಿ ಮುಗಿಸೋಣ ಅಂತ ಕೆಲಸ ಹಿಡಿದೆವು.

ಬಣ್ಣ ಯಾವುದು ಅನ್ನುವಲ್ಲಿ ಶುರುವಿನಿಂದಲೇ ಜಗಳ. ಅಮ್ಮನಿಗೆ ಗಂಧದ ಬಣ್ಣ ಬೇಕು. ತಮ್ಮ ಫೋನಿನಲ್ಲಿ ಯಾವುದೋ ಫ್ಲ್ಯಾಟಿನ ಫೋಟೋ ತೋರಿಸಿ ತಿಳಿ ಬೂದು ಅಂದ. ಮೇಸ್ತ್ರಿ ಇಬ್ಬರ ಮಾತೂ ಕೇಳಿಸಿಕೊಂಡು, “ಬರೀ ಬಿಳಿ ಹೊಡೆದುಬಿಡಿ ಅಕ್ಕ, ಬಾಡಿಗೆ ಮನೆಗೆಲ್ಲಾ ಅದೇ” ಅಂದರು. ಶೇಡ್ ಕಾರ್ಡನ್ನು ಪಕ್ಕಕ್ಕಿಡಿ ಅಂದೆ. ಈ ಮನೆಯಲ್ಲಿ ನಾವು ಬದಲಾಯಿಸಲು ಆಗದ್ದು ಏನೇನಿದೆ ಅಂತ ಮೊದಲು ನೋಡೋಣ, ಬಣ್ಣ ಅದರ ಜೊತೆ ಬಾಳಬೇಕು.

ಮೊದಲು ಗೋಡೆ

ಒದ್ದೆ ಬಟ್ಟೆಯಿಂದ ಪ್ರತಿ ರೂಮಿನ ಗೋಡೆಯನ್ನೂ ಜೋರಾಗಿ ಉಜ್ಜಿ ನೋಡಿದೆ. ಹಾಲ್‌ನಲ್ಲಿ ಬಟ್ಟೆಗೆ ಬರೀ ಧೂಳು ಹತ್ತಿತು. ಅಲ್ಲಿರುವುದು ಎಮಲ್ಷನ್, ಒಣಗಿದ ಮೇಲೆ ಗೋಡೆಗೆ ಪದರವಾಗಿ ಗಟ್ಟಿ ಹಿಡಿಯುವ ನೀರಿನ ಪೇಂಟ್. ಹಿಂದಿನ ರೂಮಿನಲ್ಲಿ ಬಟ್ಟೆಯೇ ತಿಳಿನೀಲಿ ಆಯಿತು. ಅಲ್ಲಿ ಡಿಸ್ಟೆಂಪರ್, ಸುಣ್ಣದ ಹಾಗೆ ಪುಡಿ ಏಳುವ ಬಣ್ಣ. ಡಿಸ್ಟೆಂಪರಿನ ಮೇಲೆ ನೇರವಾಗಿ ಎಮಲ್ಷನ್ ಹೊಡೆದರೆ ಹೊಸ ಬಣ್ಣ ಆ ಪುಡಿಯ ಮೇಲೆ ಕೂರುತ್ತದೆ, ಗೋಡೆಗೆ ಹಿಡಿಯುವುದೇ ಇಲ್ಲ. ಮುಂದೆ ಬರುವವರು ಗೋಡೆಗೊಂದು ಸ್ಟಿಕ್ಕರ್ ಅಂಟಿಸಿ ಕಿತ್ತರೆ ಸಾಕು, ಅಂಗೈ ಅಗಲ ಬಣ್ಣ ಜೊತೆಗೇ ಬರುತ್ತದೆ. ಆ ರೂಮನ್ನು ಪೂರ್ತಿ ಕೆರೆದು ತೊಳೆಯಬೇಕು ಅಂದಾಗ ಮೇಸ್ತ್ರಿ ಮುಖ ಸಣ್ಣದು ಮಾಡಿಕೊಂಡರು. ಬಾಡಿಗೆ ಮನೆಗೆ ಇಷ್ಟೆಲ್ಲಾ ಯಾಕೆ ಅನ್ನುವುದು ಅವರ ಮಾತು. ನನ್ನ ಲೆಕ್ಕ ಬೇರೆ. ಸ್ವಂತ ಮನೆಯಲ್ಲಿ ಒಂದು ಕಲೆ ಬಿದ್ದರೆ ಅಲ್ಲೇ ಕ್ಯಾಲೆಂಡರ್ ತೂಗುಹಾಕಿ ಹತ್ತು ವರ್ಷ ಕಳೆಯುತ್ತೇವೆ. ಬಾಡಿಗೆ ಮನೆಯ ಗೋಡೆ ಹಾಗಲ್ಲ, ಸಂಸಾರ ಬದಲಾದಾಗೆಲ್ಲ ಬೋಳಾಗಿ ನಿಂತು ಪರೀಕ್ಷೆ ಕೊಡಬೇಕು.

ಮಂಚ ಇದ್ದ ಕಡೆ ತಲೆ ಎತ್ತರಕ್ಕೆ ಕೊಬ್ಬರಿ ಎಣ್ಣೆಯ ಗುಂಡು ಕಲೆಗಳು. ಇವು ನಮ್ಮ ಮನೆಗಳ ಖಾಯಂ ಕಲೆ. ನೀರಿನ ಪೇಂಟ್ ಎಷ್ಟು ಕೋಟ್ ಹೊಡೆದರೂ ಎಣ್ಣೆ ಸ್ವಲ್ಪ ದಿನದಲ್ಲಿ ಮೇಲೆ ಬರುತ್ತದೆ. ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಉಜ್ಜಿಸಿ, ಒಣಗಿದ ಮೇಲೆ ಅಷ್ಟು ಜಾಗಕ್ಕೆ ಮಾತ್ರ ಆಯಿಲ್ ಪ್ರೈಮರ್, ಅಂದರೆ ಪೇಂಟಿಗೆ ಮೊದಲು ಹಚ್ಚುವ ಎಣ್ಣೆಯ ಅಸ್ತರು, ಹೊಡೆಸಿದೆ. ಮಕ್ಕಳು ಸ್ಕೆಚ್ ಪೆನ್ನಿನಲ್ಲಿ ಬರೆದ ಅಕ್ಷರಮಾಲೆಗೂ, ದೇವರ ಗೂಡಿನ ಸುತ್ತ ಹತ್ತಿದ್ದ ಕುಂಕುಮಕ್ಕೂ ಇದೇ ಮದ್ದು. ಇವೆಲ್ಲ ಪೇಂಟಿನ ಒಳಗಿಂದ ಇಣುಕುವ ಜಾತಿ.

ಬಾತ್‌ರೂಮಿನ ಹಿಂಬದಿಯ ಗೋಡೆ ಉಪ್ಪು ಕಕ್ಕುತ್ತಿತ್ತು. ಅದಕ್ಕೆ ವಾಟರ್‌ಪ್ರೂಫ್ ಪುಟ್ಟಿ ಮೆತ್ತಿಬಿಡೋಣ ಅನ್ನುವ ಸಲಹೆ ಬಂತು. ನಾನು ಒಪ್ಪಲಿಲ್ಲ. ಒಂದು ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚು ಟೇಪು ಹಾಕಿ ಗೋಡೆಗೆ ಅಂಟಿಸಿ ರಾತ್ರಿಯಿಡೀ ಬಿಟ್ಟೆವು. ಬೆಳಿಗ್ಗೆ ಹಾಳೆಯ ಒಳಮೈಯಲ್ಲಿ ನೀರಿನ ಹನಿ. ಅಂದರೆ ತೇವ ಬರುತ್ತಿರುವುದು ಗೋಡೆಯ ಒಳಗಿಂದ, ಮಳೆಗಾಲದ ಗಾಳಿಯಿಂದಲ್ಲ. ಹುಡುಕಿದರೆ ಆ ಕಡೆ ಟೈಲ್ಸಿನ ಸಂದಿಗಳು ಬಾಯಿ ಬಿಟ್ಟಿದ್ದವು. ಗ್ರೌಟ್ ಹೊಸದಾಗಿ ತುಂಬಿಸಿ, ಈ ಕಡೆ ಉಬ್ಬಿದ ಗಾರೆ ಕಿತ್ತು ಪ್ಲಾಸ್ಟರ್ ಮಾಡಿಸಿದೆವು. ಗೋಡೆಯ ಉಪ್ಪನ್ನು ಒಣ ಬ್ರಷ್‌ನಲ್ಲೇ ಉದುರಿಸಬೇಕು. ನೀರು ಹಾಕಿ ಒರೆಸಿದರೆ ಕರಗಿ ಮತ್ತೆ ಒಳಗೇ ಹೋಗುತ್ತದೆ. ಹೊಸ ಪ್ಲಾಸ್ಟರಿಗೆ 28 ದಿನ ಬಿಡುವುದು ಕಟ್ಟಡದವರ ವಾಡಿಕೆ. ಆ ಗೋಡೆಯೊಂದನ್ನು ಕೊನೆಗೆ ಇಟ್ಟುಕೊಂಡು ಉಳಿದದ್ದು ಶುರು ಮಾಡಿದೆವು.

ಬದಲಾಗದ ಸಾಮಾನು

ಪಟ್ಟಿಯಲ್ಲಿ ಮೊದಲನೆಯದು ಹಾಲ್‌ನ ಕೆಂಪು ನೆಲ. ಐವತ್ತು ವರ್ಷ ಸಾರಿಸಿ, ಒರೆಸಿ ಹೊಳಪು ಬಂದ ನೆಲ ಅದು. ಬೆಳಗಿನ ಬಿಸಿಲು ಅದರ ಮೇಲೆ ಬಿದ್ದರೆ ಗೋಡೆಯ ಕೆಳಭಾಗ ಮೂರಡಿ ಎತ್ತರದ ತನಕ ಗುಲಾಬಿಗೆ ತಿರುಗುತ್ತದೆ. ಇದನ್ನು ನಾವು ಬೇಡ ಅಂದರೂ ನೆಲ ಬಿಡುವುದಿಲ್ಲ.

ಎರಡನೆಯದು ಪಕ್ಕದ ಮನೆ. ನಮ್ಮ ಕಡೆಯ ಸೈಟುಗಳಲ್ಲಿ ಮನೆ ಮನೆಗೆ ಇರುವ ಅಂತರ ಗೊತ್ತಲ್ಲ, ಕಿಟಕಿಯಿಂದ ಕೈ ಚಾಚಿದರೆ ಅವರ ಗೋಡೆ ಸಿಗುತ್ತದೆ. ಹಿಂದಿನ ರೂಮಿನ ಕಿಟಕಿಯ ಎದುರಿಗೆ ಅವರು ಹೊಡೆಸಿರುವುದು ಗಿಳಿಹಸಿರು. ಆ ರೂಮಿಗೆ ಬರುವ ಬೆಳಕೆಲ್ಲ ಆ ಹಸಿರಿಗೆ ತಾಗಿಯೇ ಒಳಗೆ ಬರುತ್ತದೆ. ಬಿಳಿ ಹಾಳೆ ಹಿಡಿದರೆ ಹಾಳೆಯೇ ತೆಳು ಹಸಿರು. ಪೇಂಟ್ ಕಂಪನಿಯ ಕಾರ್ಡಿನಲ್ಲಿ ಪಕ್ಕದ ಮನೆಯವರ ಗೋಡೆ ಇರುವುದಿಲ್ಲ ನೋಡಿ.

ಮೂರನೆಯದು ಸ್ವಿಚ್‌ಬೋರ್ಡು. ಹಳೇ ಪ್ಲಾಸ್ಟಿಕ್ ಪ್ಲೇಟುಗಳು, ವೈರಿಂಗ್ ಕೇಸಿಂಗ್ ಪಟ್ಟಿಗಳು ಹಳದಿ ತಿರುಗಿ ದಂತದ ಬಣ್ಣಕ್ಕೆ ಬಂದಿವೆ. ಅಪ್ಪಟ ಬಿಳಿ ಗೋಡೆಯ ಮೇಲೆ ಅವು ಕೊಳಕಾಗಿ ಕಾಣುತ್ತವೆ. ಗೋಡೆಗೆ ಸ್ವಲ್ಪ ಕೆನೆ ಸೇರಿದರೆ ಅದೇ ಪ್ಲೇಟು ಬೇಕೆಂದೇ ಹಾಕಿಸಿದ ಹಾಗೆ ಕಾಣುತ್ತದೆ. ಸ್ವಿಚ್ಚೆಲ್ಲ ಬದಲಿಸುವ ಖರ್ಚಿಗಿಂತ ಗೋಡೆಯ ಬಿಳುಪನ್ನು ಒಂದು ಮೆಟ್ಟಿಲು ಇಳಿಸುವುದು ಅಗ್ಗ.

ಆಮೇಲೆ ಲೈಟು. ನಮ್ಮ ಮನೆಗಳಲ್ಲಿ ಬಹುಪಾಲು 6500 ಕೆಲ್ವಿನ್ ಎಲ್‌ಇಡಿ ಟ್ಯೂಬ್. ಡಬ್ಬಿಯ ಮೇಲೆ ಕೂಲ್ ಡೇಲೈಟ್ ಅಂತ ಬರೆದಿರುತ್ತದಲ್ಲ, ಅದೇ. ಬೆಳಕು ಬಿಳಿ, ಒಳಗೊಳಗೆ ನೀಲಿ. ಕೆಲ್ವಿನ್ ಅನ್ನುವುದು ಬೆಳಕಿನ ಬಣ್ಣದ ಅಳತೆ, ಸಂಖ್ಯೆ ಇಳಿದಷ್ಟೂ ಬೆಳಕು ಹಳದಿ. ತಮ್ಮ ತೋರಿಸಿದ ಫ್ಲ್ಯಾಟಿನಲ್ಲಿ 3000 ಕೆಲ್ವಿನ್ನಿನ ಬೆಚ್ಚಗಿನ ಲೈಟು ಉರಿಯುತ್ತಿತ್ತು. ಆ ಬೂದು ಬಣ್ಣಕ್ಕೆ ಅಂದ ಕೊಟ್ಟಿದ್ದು ಅರ್ಧಕ್ಕರ್ಧ ಆ ಲೈಟು. ಬಾಡಿಗೆಗೆ ಬರುವವರು ಯಾವ ಲೈಟು ಹಾಕುತ್ತಾರೆ ಅಂತ ನಾವು ಹೇಳಲು ಬರುವುದಿಲ್ಲ. ಟ್ಯೂಬ್‌ಲೈಟಿನಲ್ಲಿ ನಿಲ್ಲದ ಬಣ್ಣ ಬಾಡಿಗೆ ಮನೆಗೆ ಬೇಡ.

ಹಾಳೆಯ ಮೇಲೆ ಬಣ್ಣ

ಗೋಡೆಯ ಮೇಲೇ ತೇಪೆ ತೇಪೆ ಹಚ್ಚಿ ನೋಡುವುದು ನನಗೆ ಇಷ್ಟವಿಲ್ಲ. ಹಳೇ ಬಣ್ಣ ಪಕ್ಕದಲ್ಲೇ ಇದ್ದು ಕಣ್ಣಿಗೆ ಮೋಸ ಮಾಡುತ್ತದೆ. ದೊಡ್ಡ ಡ್ರಾಯಿಂಗ್ ಶೀಟುಗಳಿಗೆ ಎರಡೆರಡು ಕೋಟ್ ಹಚ್ಚಿ, ಒಣಗಿಸಿ, ಟೇಪಿನಲ್ಲಿ ಗೋಡೆಗೆ ಅಂಟಿಸಿದೆ. ಇದನ್ನು ರೂಮಿಂದ ರೂಮಿಗೆ ಹೊತ್ತುಕೊಂಡು ಹೋಗಬಹುದು, ನೆಲದ ಹತ್ತಿರ ಇಟ್ಟು ನೋಡಬಹುದು. ಒಂದು ಮಾತು: ಹಾಳೆಯನ್ನು ಗೋಡೆಗೆ ನೆಟ್ಟಗೆ ನಿಲ್ಲಿಸಿಯೇ ನೋಡಬೇಕು. ಟೇಬಲ್ ಮೇಲೆ ಮಲಗಿಸಿದರೆ ಮೇಲಿನ ಬೆಳಕೆಲ್ಲ ಬಿದ್ದು ಇರುವುದಕ್ಕಿಂತ ತಿಳಿಯಾಗಿ ಕಾಣುತ್ತದೆ.

ನಾಲ್ಕು ಬಣ್ಣ ಇಟ್ಟುಕೊಂಡೆವು. ಮೇಸ್ತ್ರಿಯ ಬಿಳಿ, ತಮ್ಮನ ಬೂದು, ಅಮ್ಮನ ಗಂಧ, ಮತ್ತು ನಾನು ಅಂಗಡಿಯಲ್ಲಿ ಕೂತು ಆರಿಸಿದ ಒಂದು ಆಫ್‌ವೈಟ್.

ಬೂದು ಮೊದಲು ಸೋತಿತು. ತಿಳಿ ಬೂದು ಅಂದರೆ ಎಷ್ಟೋ ಸಲ ಬಿಳಿ ಬೇಸ್‌ಗೆ, ಅಂದರೆ ಬಣ್ಣ ಕಲಸುವ ಮೂಲ ಪೇಂಟಿಗೆ, ಬರೀ ಕಪ್ಪು ಸೇರಿಸಿದ್ದು. ಬಿಳಿಗೆ ಕಪ್ಪು ಸೇರಿದರೆ ಕಣ್ಣಿಗೆ ನೀಲಿಯ ಕಡೆ ವಾಲುತ್ತದೆ. ಆಷಾಢದ ಮೋಡದ ಬೆಳಕೂ ನೀಲಿ, ಟ್ಯೂಬ್‌ಲೈಟೂ ನೀಲಿ. ಹಾಲ್‌ನಲ್ಲಿ ಮೇಲ್ಭಾಗ ತಣ್ಣಗಿನ ನೀಲಿ, ಕೆಳಗೆ ಕೆಂಪು ನೆಲದ ನೆರಳು ಸೇರಿ ನೇರಳೆ. ತಮ್ಮ ಎರಡು ನಿಮಿಷ ನಿಂತು ನೋಡಿ, “ಬೇಡ ಬಿಡಕ್ಕ” ಅಂದ.

ಗಂಧದ ಬಣ್ಣ ಬೆಳಿಗ್ಗೆ ಚೆನ್ನಾಗಿತ್ತು. ಸುಳ್ಳು ಹೇಳಬಾರದು, ಹಾಲ್‌ನಲ್ಲಿ ಎಲ್ಲಕ್ಕಿಂತ ಅದೇ ಚೆಂದ. ಕೆಂಪು ನೆಲಕ್ಕೂ ಅದಕ್ಕೂ ಹಳೇ ನಂಟು. ರಾತ್ರಿ ಟ್ಯೂಬ್ ಹಾಕಿದಾಗ ಮಾತ್ರ ಹಳದಿಯೆಲ್ಲ ಇಳಿದು ಹಸಿರು ಮಿಶ್ರಿತ ಮಂಕು ಬಂತು. ಹಿಂದಿನ ರೂಮಿನಲ್ಲಂತೂ ಪಕ್ಕದ ಮನೆಯ ಗಿಳಿಹಸಿರೂ ಕೂಡಿ ಕಾಮಾಲೆ ಕಳೆ. ಅಮ್ಮ ಆ ರೂಮಿನ ಬಾಗಿಲಲ್ಲೇ ನಿಂತು, “ಇಲ್ಲಿ ಬಾಣಂತನ ಮಾಡೋಕಾಗಲ್ಲ ಬಿಡು” ಅಂದರು.

ಬಿಳಿಯ ಪರವಾಗಿ ಮೇಸ್ತ್ರಿಗೆ ಒಂದು ಗಟ್ಟಿ ವಾದ ಇತ್ತು, ಅದನ್ನು ತಳ್ಳಿಹಾಕುವಂತಿಲ್ಲ. ರೆಡಿ ಬಿಳಿ ಯಾವ ಅಂಗಡಿಯಲ್ಲೂ ಸಿಗುತ್ತದೆ, ಮೆಷಿನ್ನಿನಲ್ಲಿ ಕಲಸಿಸುವ ಗೋಜಿಲ್ಲ, ಎರಡು ವರ್ಷ ಬಿಟ್ಟು ತೇಪೆ ಹಚ್ಚಲು ಸುಲಭ. ಆದರೆ ಒಂದು ಕಂಪನಿಯ ಬಿಳಿ ಇನ್ನೊಂದರ ಬಿಳಿಗೆ ಕೂಡುವುದಿಲ್ಲ. ಅದೇ ಡಬ್ಬಿಯ ಬಿಳಿಯನ್ನೇ ಹಚ್ಚಿದರೂ ಗೋಡೆಯ ಮೇಲಿನದು ಅಷ್ಟರಲ್ಲಿ ಧೂಳು, ಅಗರಬತ್ತಿ ಹೊಗೆ ಕುಡಿದು ಬೇರೆಯಾಗಿರುತ್ತದೆ. ಸ್ವಿಚ್ಚಿನ ಸುತ್ತ ಕೈಗುರುತು ಬೇರೆ ಎದ್ದು ಕಾಣುತ್ತದೆ. ಹಿಂದಿನ ರೂಮಿನ ಹಸಿರನ್ನು ಅತಿ ಜಾಸ್ತಿ ಹಿಡಿದದ್ದೂ ಬಿಳಿಯೇ.

ಉಳಿದದ್ದು ನಾಲ್ಕನೆಯದು. ಹಾಲಿಗೆ ನಾಲ್ಕು ಹನಿ ಡಿಕಾಕ್ಷನ್ ಬಿದ್ದಂಥ ಬಣ್ಣ. ಅಂಗಡಿಯ ಮೆಷಿನ್ ಪರದೆಯಲ್ಲಿ ಯಾವ ಬಣ್ಣ ಎಷ್ಟು ಬೀಳುತ್ತದೆ ಅಂತ ಕಾಣುತ್ತದೆ, ಕೇಳಿದರೆ ತೋರಿಸುತ್ತಾರೆ. ಇದರಲ್ಲಿ ಯೆಲ್ಲೋ ಆಕ್ಸೈಡ್ ಇದೆ, ಕಪ್ಪು ಇದೆ, ಜೊತೆಗೆ ಒಂದಿಷ್ಟೇ ಇಷ್ಟು ರೆಡ್ ಆಕ್ಸೈಡ್. ಆ ಚೂರು ಕೆಂಪಿಗಾಗಿಯೇ ನಾನು ಅದನ್ನು ಆರಿಸಿದ್ದು. ಹಿಂದಿನ ರೂಮಿನ ಹಸಿರನ್ನು ಅದು ಕೊಲ್ಲುತ್ತದೆ, ಹಾಲ್‌ನಲ್ಲಿ ನೆಲದ ಗುಲಾಬಿಯನ್ನು ತನ್ನದೇ ಅನ್ನುವ ಹಾಗೆ ಒಳಗೆ ಹಾಕಿಕೊಳ್ಳುತ್ತದೆ. ಟ್ಯೂಬ್‌ಲೈಟಿನಲ್ಲಿ ಹೆಚ್ಚುಕಮ್ಮಿ ಬಿಳಿ, ಬೆಳಗಿನ ಬಿಸಿಲಿನಲ್ಲಿ ಕೆನೆ.

ಬೆಳಕು ತಿರುಗಿಸಿ ಕೊಡುವ ಅಳತೆಗೆ ಎಲ್‌ಆರ್‌ವಿ ಅನ್ನುತ್ತಾರೆ. ಕಪ್ಪಿಗೆ 0, ಬಿಳಿಗೆ 100. ಕೆಲವು ಕಂಪನಿಗಳು ಶೇಡ್ ಜೊತೆಗೇ ಈ ಸಂಖ್ಯೆ ಕೊಡುತ್ತವೆ. ನಾನು 75ರಿಂದ 80ರ ಒಳಗೆ ಹುಡುಕಿದೆ. 70ಕ್ಕಿಂತ ಕೆಳಗಿಳಿದರೆ ನಮ್ಮ ಪ್ಯಾಸೇಜಿನಲ್ಲಿ ಹಗಲೇ ಲೈಟು ಹಾಕಬೇಕು. 85 ದಾಟಿದರೆ ಮತ್ತೆ ಬಿಳಿಯ ತಾಪತ್ರಯ.

ಹೋಲಿಸುವಾಗ ಜೆರಾಕ್ಸ್ ಹಾಳೆ ಪಕ್ಕಕ್ಕೆ ಹಿಡಿಯುವುದು ಎಲ್ಲರೂ ಮಾಡುವ ಉಪಾಯ. ಆ ಕಾಗದಕ್ಕೆ ಹೊಳಪು ಬರಲೆಂದು ನೀಲಿ ಮಿಂಚುವ ರಾಸಾಯನಿಕ ಸೇರಿಸಿರುತ್ತಾರೆ. ಅದರ ಪಕ್ಕ ಎಂಥ ಆಫ್‌ವೈಟೂ ಹಳದಿಯಾಗಿಯೇ ಕಾಣುತ್ತದೆ. ಬಣ್ಣವನ್ನು ಬಣ್ಣದ ಪಕ್ಕವೇ ಇಟ್ಟು ನೋಡುವುದು ಒಳ್ಳೆಯದು.

ಇನ್ನೊಂದು ಎಚ್ಚರ ಋತುವಿನದು. ಉತ್ತರದ ಕಿಟಕಿಗೆ ಬಿಸಿಲು ಬರುವುದಿಲ್ಲ, ಅಲ್ಲಿ ಬೆಚ್ಚಗಿನ ಬಣ್ಣ ಹೊಡೆಯಿರಿ ಅಂತ ಹೊರದೇಶದ ಸಲಹೆಗಳೆಲ್ಲ ಹೇಳುತ್ತವೆ. ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರದಲ್ಲಿ. ಇಲ್ಲಿ ಏಪ್ರಿಲ್ 24ರ ಸುಮಾರಿಗೆ ಒಮ್ಮೆ, ಆಗಸ್ಟ್ 18ರ ಸುಮಾರಿಗೆ ಒಮ್ಮೆ ನಡುಮಧ್ಯಾಹ್ನದ ಸೂರ್ಯ ನೆತ್ತಿಯ ನೇರಕ್ಕೆ ಬರುತ್ತಾನೆ. ನಡುವಿನ ತಿಂಗಳುಗಳಲ್ಲಿ ಸೂರ್ಯ ನಮ್ಮ ಉತ್ತರಕ್ಕೇ ಇರುತ್ತಾನೆ. ಅಂದರೆ ಮೇ ತಿಂಗಳಲ್ಲಿ ಉತ್ತರದ ಕಿಟಕಿಗೆ ಬಿಸಿಲು, ಡಿಸೆಂಬರಿನಲ್ಲಿ ದಕ್ಷಿಣದ ಕಿಟಕಿಯಿಂದ ಮನೆಯೊಳಗೆ ಬಿಸಿಲು. ನಾವು ಹಾಳೆ ನೋಡಿದ್ದು ಮೋಡದಲ್ಲಿ. ಡಿಸೆಂಬರಿಗೆ ಇದೇ ಬಣ್ಣ ಇನ್ನಷ್ಟು ಕೆನೆಯಾಗುತ್ತದೆ ಅಂತ ಲೆಕ್ಕ ಹಾಕಿ, ಮೊದಲು ಮನಸ್ಸಿನಲ್ಲಿದ್ದ ಶೇಡಿಗಿಂತ ಕಾರ್ಡಿನಲ್ಲಿ ಒಂದು ಚೌಕ ತಿಳಿಯಾದದ್ದನ್ನು ತೆಗೆದುಕೊಂಡೆ.

ಎಲ್ಲಾ ರೂಮಿಗೂ ಒಂದೇ ಯಾಕೆ

ಹಿಂದಿನ ರೂಮಿಗಾದರೂ ಬೇರೆ ಬಣ್ಣ ಇರಲಿ ಅಂತ ಅಮ್ಮ ಕೊನೆಯವರೆಗೂ ಎಳೆದರು. ನಾಲ್ಕು ಬಣ್ಣ ಅಂದರೆ ಉಳಿಯುವ ಅರ್ಧರ್ಧ ಡಬ್ಬಿ ನಾಲ್ಕು, ನೆನಪಿಡುವ ನಂಬರ್ ನಾಲ್ಕು, ಮುಂದಿನ ಸಲ ಒಂದು ಗೋಡೆಗೆಂದು ಕೊಳ್ಳುವ ಲೀಟರೂ ನಾಲ್ಕು. ಒಂದೇ ಬಣ್ಣವಾದರೆ ಒಂದು ಡಬ್ಬಿಯಲ್ಲಿ ಇಡೀ ಮನೆಯ ತೇಪೆ ಮುಗಿಯುತ್ತದೆ. ಸೀಲಿಂಗ್ ಮಾತ್ರ ರೆಡಿ ಬಿಳಿ. ಮೇಸ್ತ್ರಿಗೂ ಅಷ್ಟು ಸಮಾಧಾನ.

ಫಿನಿಶ್ ವಿಚಾರದಲ್ಲಿ ಅಂಗಡಿಯವರು ಎಲ್ಲದಕ್ಕೂ ಹೊಳಪಿನ ದುಬಾರಿ ಪೇಂಟ್ ತೋರಿಸಿದರು. ತೊಳೆಯಬಹುದು ಅನ್ನುವುದು ನಿಜ. ನಮ್ಮದು ಹಳೇ ಗೋಡೆ, ಟ್ಯೂಬ್‌ಲೈಟೂ ಗೋಡೆಗೇ ಅಂಟಿಕೊಂಡು ಇದೆ. ಬೆಳಕು ಗೋಡೆಯನ್ನು ಸವರಿಕೊಂಡು ಬರುವಾಗ ಹೊಳಪಿನ ಪೇಂಟು ಪುಟ್ಟಿಯ ಪ್ರತಿಯೊಂದು ಉಬ್ಬನ್ನೂ ಎತ್ತಿ ತೋರಿಸುತ್ತದೆ. ತೇಪೆ ಹಚ್ಚಿದ ಜಾಗವೂ ಓರೆಯಿಂದ ನೋಡಿದರೆ ಮಿಂಚುತ್ತದೆ. ಹಾಲ್, ರೂಮುಗಳಿಗೆ ಹೊಳಪಿಲ್ಲದ ಮ್ಯಾಟ್ ಸಾಕು. ಅಡುಗೆಮನೆಗೆ ಒಗ್ಗರಣೆ ಹೊಗೆ ಇದೆ, ಪ್ಯಾಸೇಜಿನಲ್ಲಿ ಎಲ್ಲರೂ ಗೋಡೆ ಮುಟ್ಟಿಕೊಂಡೇ ಓಡಾಡುತ್ತಾರೆ. ಅಲ್ಲಿಗೆ ಮಾತ್ರ ಅದೇ ಶೇಡಿನಲ್ಲಿ ತೊಳೆಯಬಹುದಾದದ್ದು.

ಲೆಕ್ಕ ಮತ್ತು ಕೆಲಸ

ಗೋಡೆಯ ಎತ್ತರ 10 ಅಡಿ. ಬಾಗಿಲು, ಕಿಟಕಿ, ಟೈಲ್ಸ್ ಕಳೆದು ಹಾಲ್ 430, ರೂಮುಗಳು 360 ಮತ್ತು 340, ಅಡುಗೆಮನೆ 180, ಪ್ಯಾಸೇಜು 100 ಚದರಡಿ. ಒಟ್ಟು 1410. ಸಾಧಾರಣ ಎಮಲ್ಷನ್ ನಯವಾದ ಗೋಡೆಗೆ ಎರಡು ಕೋಟ್ ಲೆಕ್ಕದಲ್ಲಿ ಲೀಟರಿಗೆ 120ರಿಂದ 140 ಚದರಡಿ ಬರುತ್ತದೆ. ಮ್ಯಾಟ್ ಹೊಡೆಯುವ 1130ಕ್ಕೆ 10 ಲೀಟರಿನ ಬಕೆಟ್ ಒಂದು ಸಾಕಾಗಿ ಸ್ವಲ್ಪ ಉಳಿಯುತ್ತದೆ. ತೊಳೆಯುವಂಥದ್ದು ಬೇಕಿರುವ 280ಕ್ಕೆ 4 ಲೀಟರಿನದು ಕೊಂಡರೆ ಅದರಲ್ಲೂ ಉಳಿಕೆ. ಆ ಉಳಿಕೆ ನನಗೆ ಬೇಕಾಗಿಯೇ ಇತ್ತು.

ಗೋಡೆಯ ಮೊಳೆ ತೂತುಗಳಿಗೆ, ಬಿರುಕಿಗೆ ಪುಟ್ಟಿ. ಕೆರೆದ ರೂಮಿಗೆ ಪೂರ್ತಿ ಪುಟ್ಟಿ. ಎಮರಿ ಪೇಪರ್ ಹೊಡೆದ ಮೇಲೆ ಫೋನಿನ ಟಾರ್ಚನ್ನು ಗೋಡೆಗೆ ಒರಗಿಸಿ ಹಿಡಿದು ಮೇಸ್ತ್ರಿ ತಾವೇ ಒಂದೊಂದು ಉಬ್ಬನ್ನೂ ಪೆನ್ಸಿಲಿನಲ್ಲಿ ಗುರುತು ಮಾಡಿದರು. ಆ ಮನುಷ್ಯನಿಗೆ ಕೆಲಸ ಗೊತ್ತು. ಬಾಡಿಗೆ ಮನೆ ಅಂದಾಗ ಯಾರೂ ಅವರಿಂದ ಕೇಳಿರಲಿಲ್ಲ, ಅಷ್ಟೇ.

ಕಿಟಕಿ ಸರಳು, ಬಾಗಿಲ ಚೌಕಟ್ಟುಗಳ ಹಳೇ ಎನಾಮೆಲ್ ತೆಗೆಯುವಾಗ ನೀರಿಲ್ಲದೆ ಒಣದಾಗಿ ಉಜ್ಜಲು ಬಿಡಲಿಲ್ಲ. ಮನೆಬಳಕೆಯ ಪೇಂಟಿನಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ದಾಟಬಾರದು ಅನ್ನುವ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದು 2017ರ ನವೆಂಬರ್ 1ರಿಂದ. ಅದಕ್ಕೂ ಹಿಂದಿನ ಪದರಗಳಲ್ಲಿ ಸೀಸ ಇದ್ದಿರಬಹುದು. ನೀರು ಹಾಕಿಕೊಂಡು ವಾಟರ್ ಪೇಪರಿನಲ್ಲಿ ಉಜ್ಜಿದರೆ ಧೂಳು ಏಳುವುದಿಲ್ಲ. ಮಾಸ್ಕ್ ಹಾಕಿಸಿ, ಕೆಸರನ್ನು ಹಳೇ ಪೇಪರಿನಲ್ಲಿ ಒರೆಸಿ ಕವರಿಗೆ ತುಂಬಿಸಿದೆವು.

ಮಳೆಗಾಲದ ತಂಡಿಯಲ್ಲಿ ಪ್ರೈಮರ್ ಒಣಗಲು ಡಬ್ಬಿಯಲ್ಲಿ ಬರೆದದ್ದಕ್ಕಿಂತ ಹೊತ್ತು ಬೇಕು. ಕಿಟಕಿ ತೆರೆದು ಫ್ಯಾನು ಹಾಕಿಟ್ಟೆವು. ನೆಲದ ಕೆಂಪು ಸ್ಕರ್ಟಿಂಗ್‌ಗೆ ಮಾಸ್ಕಿಂಗ್ ಟೇಪು ಹಾಕಿಸಿದ್ದಕ್ಕೆ ಅಮ್ಮ ಖುಷಿಪಟ್ಟರು. ಹಿಂದಿನ ಸಲದ ಪೇಂಟಿನ ಹನಿಗಳನ್ನು ಅವರು ಬ್ಲೇಡಿನಲ್ಲಿ ಕೆರೆದು ಕೆರೆದು ಸುಸ್ತಾಗಿದ್ದರಂತೆ.

ಕರಾರು, ಡಬ್ಬಿ

ಬೆಂಗಳೂರಿನಲ್ಲಿ ಖಾಲಿ ಮಾಡುವಾಗ ಪೇಂಟಿಂಗಿಗೆ ಅಂತ ಒಂದು ತಿಂಗಳ ಬಾಡಿಗೆಯನ್ನು ಅಡ್ವಾನ್ಸಿನಲ್ಲಿ ಹಿಡಿಯುವುದು ಪದ್ಧತಿ. ಹನ್ನೊಂದು ತಿಂಗಳಿಗೆ ಹೋದವರಿಗೂ ಅಷ್ಟೇ, ಐದು ವರ್ಷ ಇದ್ದವರಿಗೂ ಅಷ್ಟೇ. ನನಗಿದು ಸರಿಕಾಣುವುದಿಲ್ಲ. ಐದು ವರ್ಷಕ್ಕೆ ಯಾರ ಮನೆಯ ಗೋಡೆಯಾದರೂ ಬಣ್ಣ ಕೇಳುತ್ತದೆ. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆಯ ಪಟ್ಟಿಯಲ್ಲೂ ಸುಣ್ಣ ಬಳಿಸುವುದು, ಬಾಗಿಲು ಕಿಟಕಿಗೆ ಬಣ್ಣ ಹೊಡೆಸುವುದು ಮಾಲೀಕರ ಬಾಬ್ತು ಅಂತಲೇ ಇದೆ. ಅದು ಮಾದರಿ ಮಾತ್ರ, ರಾಜ್ಯ ಒಪ್ಪಿಕೊಂಡು ಜಾರಿಗೆ ತಂದರೆ ಲೆಕ್ಕಕ್ಕೆ. ಹೋದವರಿಗೆ ಅಡ್ವಾನ್ಸನ್ನು ಪೂರ್ತಿ ವಾಪಸ್ ಕೊಡಿಸಿದೆ. ಅಮ್ಮ ಒಂದು ವಾರ ಮಾತಿನಲ್ಲೇ ಬಡ್ಡಿ ವಸೂಲಿ ಮಾಡಿದರು.

ಹೊಸ ಕರಾರಿನಲ್ಲಿ ಒಂದು ಸಾಲು ಸೇರಿಸಿದ್ದೇವೆ: ಎರಡು ವರ್ಷದೊಳಗೆ ಬಿಟ್ಟರೆ ಹಾಳಾದ ಗೋಡೆಗಳ ಖರ್ಚು ಮಾತ್ರ ಹಿಡಿಯುವುದು, ಆಮೇಲೆ ಏನೂ ಇಲ್ಲ. ಒಂದೇ ಬಣ್ಣ ಇರುವುದರಿಂದ ಈ ಲೆಕ್ಕ ಮಾಡಲು ಬರುತ್ತದೆ. ಗೋಡೆಯ ನಡುವೆ ತೇಪೆ ಹಚ್ಚಿದರೆ ಕಾಣುತ್ತದೆ, ಮೂಲೆಯಿಂದ ಮೂಲೆಗೆ ಆ ಒಂದು ಗೋಡೆ ಹೊಡೆದರೆ ಯಾರಿಗೂ ಗೊತ್ತಾಗುವುದಿಲ್ಲ.

ಕಂಪನಿ, ಶೇಡ್ ನಂಬರ್, ಬೇಸ್, ಫಿನಿಶ್, ಹೊಡೆದ ತಿಂಗಳು, ಇಷ್ಟನ್ನೂ ಮಾರ್ಕರಿನಲ್ಲಿ ಅಟ್ಟದ ಬಾಗಿಲಿನ ಒಳಮೈಗೆ ಬರೆದಿದ್ದೇನೆ. ಉಳಿದ ಪೇಂಟನ್ನು ಸಣ್ಣ ಡಬ್ಬಿಗಳಿಗೆ ಬಾಯಿತನಕ ತುಂಬಿಸಿ ಗಟ್ಟಿಯಾಗಿ ಮುಚ್ಚಿಟ್ಟೆವು. ದೊಡ್ಡ ಬಕೆಟ್ಟಿನಲ್ಲಿ ತಳದಲ್ಲಿಟ್ಟರೆ ಒಳಗಿನ ಗಾಳಿಗೆ ಕೆನೆಗಟ್ಟಿ ಕೆಡುತ್ತದೆ.

ಬಾತ್‌ರೂಮಿನ ಹಿಂದಿನ ಗೋಡೆ ಇನ್ನೂ ಪ್ರೈಮರಿಗೆ ಕಾಯುತ್ತಿದೆ. ಪ್ಲಾಸ್ಟಿಕ್ ಹಾಳೆಯನ್ನು ಮತ್ತೆ ಅಂಟಿಸಿ ನೋಡಿಯೇ ಮುಂದುವರಿಯುವುದು. ಮಹಡಿ ಮೆಟ್ಟಿಲ ಗೇಟಿನ ಎನಾಮೆಲ್ ಮಳೆ ನಿಂತ ಮೇಲೆ. ಮನೆ ನೋಡಲು ಬಂದವರಲ್ಲಿ ಒಬ್ಬರು ಹಾಲ್‌ನಲ್ಲಿ ನಿಂತು ನೆಲವನ್ನು ಹೊಗಳಿದರು, ಗೋಡೆಯ ಬಗ್ಗೆ ಏನೂ ಹೇಳಲಿಲ್ಲ. ಅಡುಗೆಮನೆಗೆ ಎಕ್ಸಾಸ್ಟ್ ಫ್ಯಾನ್ ಕೇಳಿದ್ದಾರೆ, ಅದನ್ನು ಈ ವಾರ ಹಾಕಿಸಬೇಕು.